ಎರಡನೇ ಸಲದ ಮೌನ

ಎರಡನೇ ಸಲ ಓಡಿಸಿದಾಗ ಅದು ಏನೂ ಹೇಳುವುದಿಲ್ಲ. ಆ ಮೌನ ಕೇಳಲೆಂದೇ ನಾನು ಎರಡನೇ ಸಲ ಓಡಿಸುತ್ತೇನೆ.

ಮೊದಲ ಸಲ ಅದು ಮಾತಾಡುತ್ತದೆ, ಅದೂ ಅಳತೆಯ ಮಾತು. ಟರ್ಮಿನಲ್ ತೆರೆದು, ಗೋ ಭಾಷೆಯ ಕೋಡನ್ನು ಓರಣ ಮಾಡುವ ‘ಗೋ ಫಮ್ಟ್’ ಎಂಬ ಆಜ್ಞೆ ಬರೆದು, ಜಾಗ ಬಿಟ್ಟು ./... ಎಂದು ಸೇರಿಸಿ ಎಂಟರ್ ಒತ್ತುತ್ತೇನೆ. ಮೊದಲ ಚುಕ್ಕಿ ಎಂದರೆ ನಾನೀಗ ನಿಂತಿರುವ ಫೋಲ್ಡರು. ಓರೆಗೆರೆಯ ಆಚೆಗಿನ ಮೂರು ಚುಕ್ಕಿ ಎಂದರೆ ಇದರ ಒಳಗೆ, ಅದರ ಒಳಗೆ, ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ. ಹೊಲ ತೋರಿಸುವವರು ಬದುವಿನ ಮೇಲೆ ನಿಂತು ಮಾತು ಬಿಟ್ಟು ಕೈಯನ್ನು ದೂರಕ್ಕೆ ಬೀಸುತ್ತಾರಲ್ಲ, ಹಾಗಿದೆ ಆ ಮೂರು ಚುಕ್ಕಿ. ರೆಪ್ಪೆ ಬಡಿಯುವಷ್ಟರಲ್ಲಿ ಕೆಲಸ ಮುಗಿದು, ತಾನು ತಿದ್ದಿದ ಫೈಲುಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತದೆ. ಶಹಬ್ಬಾಸ್ ಎನ್ನುವುದಿಲ್ಲ, ಎಷ್ಟು ತಪ್ಪಿದ್ದವು ಎಂದು ಎಣಿಸಿ ತೋರಿಸುವುದೂ ಇಲ್ಲ. ಹೆಸರು ಬಂದಿದ್ದರೆ ಆ ಫೈಲು ಬದಲಾಗಿದೆ, ಅಷ್ಟೇ. ಮತ್ತೊಮ್ಮೆ ಅದೇ ಆಜ್ಞೆ ಕೊಟ್ಟರೆ ಒಂದೂ ಹೆಸರಿಲ್ಲ. ಕರ್ಸರು ಮುಂದಿನ ಸಾಲಿನಲ್ಲಿ ಮಿನುಗುತ್ತ ನಿಂತಿರುತ್ತದೆ. ತಿದ್ದಿದ್ದನ್ನು ಮತ್ತೆ ತಿದ್ದಲು ಹೋಗದ ಈ ಗುಣವನ್ನು ನಾನು ಬಹಳ ಜನ ಬರಹಗಾರರಲ್ಲೂ ಕಂಡಿಲ್ಲ, ನನ್ನಲ್ಲಂತೂ ಇಲ್ಲ.

ಇದನ್ನು ಸವಿಯಲು ನನಗೆ ಪೂರ್ತಿ ಬಿಡುವು ಸಿಕ್ಕಿದ್ದು ಯಲವಿಗಿಯ ನಮ್ಮ ಮನೆಯಲ್ಲಿ. ಸವಣೂರು ತಾಲ್ಲೂಕಿನ ಊರು ನಮ್ಮದು, ಹುಬ್ಬಳ್ಳಿ–ಬೆಂಗಳೂರು ರೈಲುಹಾದಿಯ ಮೇಲಿದೆ. ಜುಲೈ ತಿಂಗಳಲ್ಲಿ ಒಂದು ವಾರ ಊರಿಗೆ ಬಂದಿದ್ದೆ. ಮುಂಜಾನೆಯ ಮಬ್ಬಿನಲ್ಲಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಗೋ ಫಮ್ಟ್ ಓಡಿಸಿದ್ದು ನಾವು ನಾಲ್ಕು ಜನ ಗೆಳೆಯರು ಬಿಡುವಿನ ಹೊತ್ತಿನಲ್ಲಿ ಬರೆಯುತ್ತಿದ್ದ ಒಂದು ಸಣ್ಣ ಪ್ರೋಗ್ರಾಮಿನ ಮೇಲೆ. ನಮ್ಮ ಸೀಮೆಯ ಊರುಗಳ ಹೆಸರನ್ನು ಜನ ಹೇಗೆ ಬರೆದರೂ ಸರಿಯಾದ ಊರು ಸಿಗಬೇಕು ಎಂಬುದು ನಮ್ಮ ಆಸೆ. ಯಲವಿಗಿಯನ್ನೇ ಯಲ್ವಿಗಿ, ಎಲವಿಗಿ ಎಂದೆಲ್ಲ ಬರೆಯುತ್ತಾರೆ. 41 ಫೈಲುಗಳಿದ್ದವು, ನಾಲ್ಕು ಜನರ ಕೈ. ಒಬ್ಬರು ಬೆರಳು ಬಿದ್ದಲ್ಲಿ ಸ್ಪೇಸು ಒತ್ತುವವರು. ಇನ್ನೊಬ್ಬರು ಎರಡು ಸಾಲಿನ ಮಧ್ಯೆ ಮೂರು ಸಾಲು ಖಾಲಿ ಬಿಡುವವರು. ಮೂರನೆಯವರದು ಅಚ್ಚುಕಟ್ಟು, ಆದರೆ ಆ ಅಚ್ಚುಕಟ್ಟು ಅವರೊಬ್ಬರದೇ. ನನ್ನದನ್ನು ನಾನು ಹೇಳಬಾರದು.

ಅಪ್ಪ ಚಾದ ಲೋಟ ಹಿಡಿದು ಹಿಂದೆ ಬಂದು ನಿಂತರು. ತೆರೆಯ ಮೇಲೆ ಹಳೆಯದು ಕೆಂಪಾಗಿ ಹೊಸದು ಹಸಿರಾಗಿ ಕಾಣುತ್ತಿತ್ತು. ಎರಡನ್ನೂ ನೋಡಿ ಕೇಳಿದರು:

“ಎರಡೂ ಒಂದ ಕಾಣತಾವಲ್ಲವಾ. ಏನ್ ಬದ್ಲಾತು?”

“ಅಕ್ಷರ ಏನೂ ಬದ್ಲಾಗಿಲ್ಲಪ್ಪಾ. ನಡುವಿನ ಜಾಗ ಅಷ್ಟ ಸರಿ ಆತು.”

“ಹಂಗಾದ್ರ ಕೂರಿಗಿ ಕೆಲಸ ಅದು,” ಎಂದು ಹೇಳಿ ಹಿತ್ತಲಿಗೆ ಹೋದರು.

ನಾನು ಹತ್ತು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಈ ಸಾಧನದ ಬಗ್ಗೆ ಎಷ್ಟೋ ಜನರ ಜೊತೆ ವಾದ ಮಾಡಿದ್ದೇನೆ. ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ.

ಕೂರಿಗೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡ್ಡ ದಿಂಡು, ಅದರಿಂದ ಕೆಳಗಿಳಿದ ತಾಳುಗಳು, ಮೇಲೆ ಕಾಳು ಬಿಡುವ ಬಟ್ಟಲು, ಬಟ್ಟಲಿನಿಂದ ಒಂದೊಂದು ತಾಳಿಗೂ ಇಳಿದ ಕೊಳವೆ. ತಾಳಿನಿಂದ ತಾಳಿಗೆ ಎಷ್ಟು ಅಂತರ ಎಂಬುದನ್ನು ಬಡಿಗ ದಿಂಡು ಕೊರೆಯುವಾಗಲೇ ತೀರ್ಮಾನಿಸಿರುತ್ತಾನೆ. ಬಿತ್ತುವವರು ಸಾಲು ಸಾಲಿಗೂ ಆ ಲೆಕ್ಕ ಹಾಕುತ್ತ ಕೂರುವುದಿಲ್ಲ. ಅಪ್ಪ ಹಿಡಿದರೂ ಅದೇ ಅಂತರ, ಆಳುಮಗ ಹಿಡಿದರೂ ಅದೇ. ಕಾಳು ಬಿಡುವ ಹೆಣ್ಣುಮಗಳಿಗೆ ತನ್ನ ಮುಷ್ಟಿಯ ಹದದ ಮೇಲೆ ಪೂರ್ತಿ ಲಕ್ಷ್ಯ ಇಡಲು ಆಗುವುದು ಅದರಿಂದಲೇ, ಅಂತರದ ಚಿಂತೆ ಅವಳಿಗಿಲ್ಲ.

ಸಾಲು ಸಮನಾಗಿದ್ದರೆ ನೋಡಲು ಚೆಂದ, ನಿಜ. ಶೇಂಗಾ ಹೊಲದಲ್ಲಿ ಮೊಳಕೆ ಎದ್ದ ಎಂಟನೇ ದಿನ ಬದುವಿನ ಮೇಲೆ ಕೂತು ಸಾಲಿನ ನೇರಕ್ಕೆ ಕಣ್ಣು ಹಾಯಿಸಿದರೆ ಸಿಗುವ ಸುಖ ದೊಡ್ಡದು. ಆದರೆ ಆ ಅಂತರದ ಕೆಲಸ ಶುರುವಾಗುವುದು ಆಮೇಲೆ. ಮೂರು ವಾರ ಕಳೆದು ಕಸ ಎದ್ದಾಗ ಎಡೆಕುಂಟೆ ಬರುತ್ತದೆ. ಕುಂಟೆಯ ಕುಡದ ಅಗಲ ಕೂರಿಗೆಯ ಅಂತರಕ್ಕೆ ಹೊಂದಿದ್ದು. ಸಾಲು ಸಮನಾಗಿದ್ದರೆ ಎತ್ತು ನಡೆದ ಹಾಗೆ ಕುಂಟೆ ಎರಡು ಸಾಲಿನ ಮಧ್ಯೆ ಸರಿಯುತ್ತದೆ, ಕಸವನ್ನು ಕೊಯ್ಯುತ್ತದೆ, ಬೆಳೆಯನ್ನು ಮುಟ್ಟುವುದಿಲ್ಲ. ಅಡ್ಡಾದಿಡ್ಡಿ ಬಿತ್ತಿದ ಹೊಲದಲ್ಲಿ ಎಡೆ ಹೊಡೆಯಲು ಬರುವುದಿಲ್ಲ, ಕೂತು ಕೈಯಿಂದ ಕಳೇವು ತೆಗೆಯಬೇಕು. ಬಿತ್ತುವಾಗ ಬಿಟ್ಟ ಜಾಗ ಎಡೆ ಹೊಡೆಯುವವರು ನಡೆಯುವ ದಾರಿ.

ಕೋಡಿನಲ್ಲೂ ಹೀಗೆಯೇ. ಒಂದು ಪ್ರೋಗ್ರಾಮನ್ನು ಬರೆಯುವುದು ಒಂದು ಸಲ, ಓದುವುದು ನೂರಾರು ಸಲ. ಓದುವವರು ಬಹಳ ಸಲ ಬೇರೆಯವರು. ಎಲ್ಲ ಫೈಲುಗಳೂ ಒಂದೇ ಅಂತರದಲ್ಲಿ ನಿಂತಿದ್ದರೆ, ನಾಳೆ ಯಾರೋ ಒಂದು ಸಾಲು ತಿದ್ದಿದಾಗ ಆ ಒಂದೇ ಸಾಲು ಕೆಂಪು-ಹಸಿರಾಗಿ ಎದ್ದು ಕಾಣುತ್ತದೆ. ಇಲ್ಲದಿದ್ದರೆ ಒಬ್ಬರು ತಮ್ಮ ಇಷ್ಟಕ್ಕೆ ಇಡೀ ಫೈಲಿನ ಜಾಗಗಳನ್ನು ಎಳೆದಾಡಿರುತ್ತಾರೆ. ನಿಜವಾಗಿ ಬದಲಾದ ಒಂದು ಸಾಲು ಇನ್ನೂರು ಸಾಲುಗಳ ಕಸದಲ್ಲಿ ಅಡಗಿ ಕೂತಿರುತ್ತದೆ. ತಪ್ಪು ನುಸುಳುವುದು ಅಂಥ ಕಸದೊಳಗಿಂದ.

ಈ ಸಾಧನ ಒಳಗೆ ಮಾಡುವ ಕೆಲಸ ಹೊರಗೆ ಕಾಣುವುದಕ್ಕಿಂತ ಚೆಲುವಾದದ್ದು. ಅದು ಅಲ್ಲೊಂದು ಸ್ಪೇಸು ತೆಗೆದು ಇಲ್ಲೊಂದು ಹಾಕುತ್ತ ಹೋಗುತ್ತದೆ ಎಂದು ನಾನು ಮೊದಮೊದಲು ತಿಳಿದಿದ್ದೆ. ಅದು ಮೊದಲು ಇಡೀ ಫೈಲನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ. ಇದು ಫಂಕ್ಷನ್ನು, ಇದರೊಳಗೆ ಒಂದು ಷರತ್ತು, ಆ ಷರತ್ತಿನ ಒಳಗೆ ಈ ಎರಡು ಕೆಲಸ ಎಂದು ಮರದಂತೆ ಕೊಂಬೆ ಕೊಂಬೆಯಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಮರವನ್ನು ನೋಡಿಕೊಂಡು ಪಠ್ಯವನ್ನು ಮೊದಲಿನಿಂದ ಬರೆಯುತ್ತದೆ. ಯಾವ ಸಾಲು ಎಷ್ಟು ಒಳಗೆ ಸರಿಯಬೇಕು ಎಂಬುದನ್ನು ಬರೆದವರ ಕೈ ಹೇಳುವುದಿಲ್ಲ, ಅರ್ಥ ಹೇಳುತ್ತದೆ. ಅರ್ಥವಾಗದ ಫೈಲನ್ನು ಅದು ಮುಟ್ಟುವುದೂ ಇಲ್ಲ. ಒಂದು ಆವರಣ ಮುಚ್ಚದೆ ಬಿಟ್ಟಿದ್ದರೆ ಯಾವ ಸಾಲಿನಲ್ಲಿ ತೊಡಕಾಯಿತು ಎಂದು ತಿಳಿಸಿ ಹಾಗೆಯೇ ಬಿಟ್ಟುಬಿಡುತ್ತದೆ.

ಇದರ ಬೆಲೆ ಎಷ್ಟು ಎಂದು ತಿಳಿಯಲು 2014ರ ಫೆಬ್ರುವರಿಯಲ್ಲಿ ಜಗತ್ತಿಗೆ ಗೊತ್ತಾದ ಒಂದು ತಪ್ಪನ್ನು ನೆನೆಯಬೇಕು. ಆಪಲ್ ಕಂಪನಿಯ ಫೋನು ಮತ್ತು ಕಂಪ್ಯೂಟರುಗಳಲ್ಲಿ, ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಸಿ ಭಾಷೆಯ ಕೋಡಿನಲ್ಲಿ, ‘ಗೋಟು ಫೇಲ್’ ಎಂಬ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಮೊದಲನೆಯದು ಮೇಲಿನ ಷರತ್ತಿಗೆ ಸೇರಿದ್ದು. ಎರಡನೆಯದು ಷರತ್ತಿಗೆ ಸೇರಿದ್ದಲ್ಲ, ಏನಾದರೂ ಸರಿ ನಡೆದೇ ನಡೆಯುತ್ತಿತ್ತು. ಆದರೆ ಅದನ್ನು ಮೊದಲನೆಯದರಷ್ಟೇ ಒಳಗೆ ಸರಿಸಿ ಬರೆದಿದ್ದರಿಂದ ಕಣ್ಣಿಗೆ ಎರಡೂ ಷರತ್ತಿನ ನೆರಳಿನಲ್ಲೇ ಕೂತಂತೆ ಕಂಡವು. ಮುಂದಿನ ಮುಖ್ಯ ಪರೀಕ್ಷೆ ನಡೆಯದೆಯೇ ಸಂಪರ್ಕ ಸುರಕ್ಷಿತ ಎಂದಾಯಿತು. ಕೋಡನ್ನು ಅರ್ಥದಿಂದ ಓದಿ ಬರೆಯುವ ಸಾಧನವೊಂದು ಆ ಫೈಲಿನ ಮೇಲೆ ಹಾದುಹೋಗಿದ್ದರೆ ಎರಡನೇ ಸಾಲು ಎಡಕ್ಕೆ ಸರಿದು ಒಂಟಿಯಾಗಿ ನಿಲ್ಲುತ್ತಿತ್ತು. ನೋಡಿದವರು ಯಾರಾದರೂ ‘ಇದು ಇಲ್ಲೇಕೆ ನಿಂತಿದೆ’ ಎಂದು ಕೇಳುತ್ತಿದ್ದರು.

ಇದೆಲ್ಲ ನಿನ್ನೆ ಮೊನ್ನೆಯ ಕಲೆಯಲ್ಲ. 1967ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಿಲ್ ಗಾಸ್ಪರ್ ಲಿಸ್ಪ್ ಭಾಷೆಯ ಪ್ರೋಗ್ರಾಮುಗಳನ್ನು ಓರಣವಾಗಿ ಮುದ್ರಿಸುವ ಸಾಧನ ಬರೆದರು. ಲಿಸ್ಪ್‌ನಲ್ಲಿ ಆವರಣಗಳ ಒಳಗೆ ಆವರಣ, ಅದರೊಳಗೆ ಮತ್ತೆ ಆವರಣ. ಓರಣವಿಲ್ಲದೆ ಓದುವುದೇ ಕಷ್ಟ. 1980ರಲ್ಲಿ ಡೆರೆಕ್ ಆಪೆನ್ ಇದಕ್ಕೆಂದೇ ಒಂದು ವಿಧಾನ ಪ್ರಕಟಿಸಿದರು. ಆ ವಿಧಾನದ ಒಂದು ಗುಣವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸಾಲನ್ನು ಎಲ್ಲಿ ಮುರಿಯಬೇಕು ಎಂದು ತೀರ್ಮಾನಿಸಲು ಅದಕ್ಕೆ ಇಡೀ ಪ್ರೋಗ್ರಾಮು ಕಣ್ಣ ಮುಂದೆ ಇರಬೇಕಿಲ್ಲ. ಒಂದು ಸಾಲಿನ ಅಗಲದಷ್ಟು ಮುಂದೆ ಕಂಡರೆ ಸಾಕು. ಭಜನೆಯಲ್ಲಿ ಪದ ಹೇಳುವವರು ಉಸಿರು ಎಲ್ಲಿಯವರೆಗೆ ಬರುತ್ತದೆ ಎಂದು ಅಷ್ಟೇ ಮುಂದೆ ಅಳೆದುಕೊಂಡು ತಿರುಗುತ್ತಾರೆ. ಇಡೀ ಪದದ ಲೆಕ್ಕ ಅವರಿಗೆ ಬೇಕಿಲ್ಲ.

2017ರಲ್ಲಿ ಬಂದ ಪ್ರೆಟಿಯರ್, 2018ರಲ್ಲಿ ಬಂದ ಬ್ಲ್ಯಾಕ್ ಎಂಬ ಓರಣದ ಸಾಧನಗಳು ಈ ಉಸಿರಿನ ಲೆಕ್ಕದವು. ಬೇರೇನೂ ಹೇಳದಿದ್ದರೆ ಪ್ರೆಟಿಯರ್‌ನ ಉಸಿರು 80 ಅಕ್ಷರ, ಬ್ಲ್ಯಾಕ್‌ನದು 88. ಆ 80 ಎಂಬುದು 1928ರ ಐಬಿಎಂ ರಂಧ್ರಪತ್ರದ 80 ಅಂಕಣಗಳ ಅಳತೆ. ಪತ್ರಗಳು ಹೋದರೂ ಅಳತೆ ಉಳಿದಿದೆ. ಒಂದು ಫಂಕ್ಷನ್ ಕರೆಯಲ್ಲಿ ನಾಲ್ಕು ಹೆಸರು ಸಾಲಿನೊಳಗೆ ಹಿಡಿಸಿದರೆ ಅಲ್ಲೇ ಇರುತ್ತವೆ. ಹಿಡಿಸದಿದ್ದರೆ ಮೊದಲು ಎಲ್ಲವನ್ನೂ ಒಟ್ಟಿಗೆ ಕೆಳಗಿನ ಸಾಲಿಗೆ ಇಳಿಸಿ ನೋಡುತ್ತದೆ ಬ್ಲ್ಯಾಕ್; ಅಲ್ಲೂ ಹಿಡಿಸದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಅರ್ಧ ಮೇಲೆ ಅರ್ಧ ಕೆಳಗೆ ಎಂಬ ಪಂಕ್ತಿಭೇದ ಮಾಡುವುದಿಲ್ಲ. ಹೀಗೆ ಇಳಿದಾಗ ಕೊನೆಯ ಹೆಸರಿನ ಹಿಂದೆಯೂ ಒಂದು ಅಲ್ಪವಿರಾಮ ಇಡುತ್ತದೆ. ಶಾಲೆಯಲ್ಲಿ ಹಾಗೆ ಬರೆದಿದ್ದರೆ ಮಾರ್ಕು ಕಳೆಯುತ್ತಿದ್ದರು. ಇಲ್ಲಿ ಅದು ಮುಂದೆ ಬರುವವರಿಗೆ ಹಾಕಿಟ್ಟ ಮಣೆ. ನಾಳೆ ಐದನೇ ಹೆಸರು ಬಂದರೆ ನಾಲ್ಕನೆಯದನ್ನು ಮುಟ್ಟಬೇಕಿಲ್ಲ, ಹೊಸ ಸಾಲೊಂದೇ ಹಸಿರಾಗುತ್ತದೆ. ಇಷ್ಟು ಚಿಕ್ಕ ಗುರುತಿನಲ್ಲಿ ಇಷ್ಟು ಮುಂದಾಲೋಚನೆ!

ಬ್ಲ್ಯಾಕ್ ಇನ್ನೂ ಒಂದು ಕೆಲಸ ಮಾಡುತ್ತದೆ. ಬರೆದಾದ ಮೇಲೆ ತಾನು ಬರೆದದ್ದನ್ನು ಮತ್ತೆ ಓದಿ ಎರಡನೇ ಮರ ಕಟ್ಟಿ, ಹಳೆಯ ಮರದ ಪಕ್ಕ ಇಟ್ಟು ನೋಡುತ್ತದೆ. ಎರಡೂ ಒಂದೇ ಎಂದು ಖಾತ್ರಿಯಾದರೆ ಮಾತ್ರ ಫೈಲು ಉಳಿಸುತ್ತದೆ. ಹಾಗೆ ನೋಡಿಕೊಳ್ಳುವ ಸಂಯಮವನ್ನು ಅದಕ್ಕೆ ಕಲಿಸಿದವರ ಮೇಲೆ ನನಗೆ ಗೌರವವಿದೆ.

ಇದನ್ನೆಲ್ಲ ಯೋಚಿಸುವಾಗ ನನ್ನ ಮನಸ್ಸು ಹೋಗುವುದು ಷಟ್ಪದಿಯ ಕಡೆಗೆ. ಕನಕದಾಸರ ಊರು ಬಾಡ ನಮ್ಮ ಪಕ್ಕದ ಶಿಗ್ಗಾವಿ ತಾಲ್ಲೂಕಿನದು. ಅವರ ನಳಚರಿತ್ರೆ ಭಾಮಿನಿ ಷಟ್ಪದಿಯಲ್ಲಿದೆ. ಪುಸ್ತಕದಲ್ಲಿ ಪದ್ಯವೊಂದಕ್ಕೆ ಆರು ಸಾಲು ನೋಡಿ ಬೆಳೆದ ನಮಗೆ ಆ ಆರು ಸಾಲನ್ನು ಕವಿಯೇ ಹಾಗೆ ಬರೆದಿಟ್ಟರೇನೋ ಎನ್ನಿಸುತ್ತದೆ. ತಾಳೆಗರಿಯಲ್ಲಿ ಹಾಗಿರುವುದಿಲ್ಲ. ಗರಿಯಲ್ಲಿ ಜಾಗ ಕಡಿಮೆ. ಎಡದಿಂದ ಬಲಕ್ಕೆ ಅಕ್ಷರದ ಹಿಂದೆ ಅಕ್ಷರ ಒತ್ತಾಗಿ ಹೋಗುತ್ತದೆ, ಪದದಿಂದ ಪದಕ್ಕೂ ಜಾಗವಿಲ್ಲ. ಪಾದ ಮುಗಿದದ್ದು ಗರಿಯ ನಡುವೆ, ಗರಿ ಮುಗಿದದ್ದು ಪಾದದ ನಡುವೆ. ಅಚ್ಚಿಗೆ ಬಂದಾಗ ಸಂಪಾದಕರು ಸಾಲು ಬಿಡಿಸಿದರು.

ಅವರು ತಮ್ಮ ಇಷ್ಟದಂತೆ ಬಿಡಿಸಲಿಲ್ಲ ಎಂಬುದೇ ಇಲ್ಲಿನ ರಸ. ಎಲ್ಲಿ ಮುರಿಯಬೇಕೆಂಬುದು ಪದ್ಯದ ಒಳಗೇ ಇತ್ತು. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ಎಣಿಸಿ ಹದಿನಾಲ್ಕಕ್ಕೆ ಒಂದು ಸಾಲು, ಮತ್ತೆ ಹದಿನಾಲ್ಕಕ್ಕೆ ಎರಡನೆಯದು. ಮೂರನೆಯದು ಉದ್ದ, ಕೊನೆಯ ಗುರು ಸೇರಿ ಇಪ್ಪತ್ತಮೂರು. ನಾಲ್ಕು, ಐದು, ಆರರಲ್ಲಿ ಮತ್ತೆ ಅದೇ. ಲೆಕ್ಕ ತಪ್ಪಿತೇನೋ ಎಂಬ ಅನುಮಾನ ಬಂದರೆ ಪ್ರಾಸ ಕೈ ಹಿಡಿಯುತ್ತದೆ: ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬಂದಿರಬೇಕು. ಸಾಲು ಸರಿಯಾಗಿ ಬಿಡಿಸಿದ್ದರೆ ಆ ವ್ಯಂಜನ ಮೇಲಿನಿಂದ ಕೆಳಕ್ಕೆ ಕಂಬದ ಹಾಗೆ ನಿಲ್ಲುತ್ತದೆ. ಒತ್ತಾಗಿದ್ದ ಗರಿಯಲ್ಲಿ ಆ ಕಂಬ ಕಣ್ಣಿಗೆ ಕಾಣದೆ ಮಲಗಿತ್ತು, ಕಿವಿಗೆ ಮಾತ್ರ ಗೊತ್ತಿತ್ತು. ಒಂದಕ್ಷರವನ್ನೂ ಬದಲಿಸದೆ, ಬರಿ ಜಾಗ ಬಿಟ್ಟು, ಇರುವ ಕಟ್ಟಡವನ್ನು ಕಣ್ಣಿಗೆ ತಂದರು. ಛಂದಸ್ಸು ಬಲ್ಲ ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಬಿಡಿಸಿದರೂ ಅದೇ ಆರು ಸಾಲು ಬರುತ್ತದೆ. ಬಿಡಿಸಿದ್ದನ್ನು ಮೂರನೆಯವರಿಗೆ ಕೊಟ್ಟರೆ ಅವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಗೋಫಮ್ಟ್‌ನ ಎರಡನೇ ಸಲದ ಮೌನ ನನಗೆ ಅರ್ಥವಾದದ್ದು ಹೀಗೆ.

ಗೂಗಲ್‌ನಲ್ಲಿ ಹುಟ್ಟಿದ ಗೋ ಭಾಷೆ 2009ರ ನವೆಂಬರಿನಲ್ಲಿ ಹೊರಬಂತು. ಅದರ ಜೊತೆಯಲ್ಲೇ ಬಂದ ಗೋಫಮ್ಟ್ ಬರೆದವರು ರಾಬರ್ಟ್ ಗ್ರೀಸೆಮರ್. ಭಾಷೆಯ ಜೊತೆಗೇ ಓರಣವೂ ಹುಟ್ಟಿದ್ದರಿಂದ ಹಳೆಯ ಜಗಳಗಳ ಬಾಕಿ ಇರಲಿಲ್ಲ. ‘ನನಗೆ ನಾಲ್ಕು ಸ್ಪೇಸು ಬೇಕು’, ‘ನನಗೆ ಆವರಣ ಕೆಳಗಿನ ಸಾಲಿಗೆ ಬೇಕು’ ಎಂದು ಕೇಳಲು ಅದರಲ್ಲಿ ತಿರುಪೇ ಇಲ್ಲ. ಜಪಾನಿನಲ್ಲಿ ಬರೆದ ಗೋ ಫೈಲನ್ನು ತೆರೆದರೂ ನಮ್ಮ ಪಡಸಾಲೆಯಲ್ಲಿ ಬರೆದದ್ದರ ಚಹರೆಯೇ. ಆದರೂ ಅದು ಕಟು ಅಲ್ಲ. ಒಳಸರಿಕೆಗೆ ಅದು ಬಳಸುವುದು ಟ್ಯಾಬ್ ಗುರುತು. ಆ ಗುರುತು ಎಷ್ಟು ಅಗಲ ಕಾಣಬೇಕು ಎಂಬುದನ್ನು ಓದುವವರ ಎಡಿಟರ್ ತೀರ್ಮಾನಿಸುತ್ತದೆ. ಕಣ್ಣು ಮಂಜಾದವರು ಎಂಟರಷ್ಟು ಅಗಲಿಸಿಕೊಳ್ಳಲಿ, ಚಿಕ್ಕ ತೆರೆಯವರು ಎರಡಕ್ಕೆ ಇಳಿಸಿಕೊಳ್ಳಲಿ, ಫೈಲು ಬದಲಾಗುವುದಿಲ್ಲ. ಉದ್ದ ಸಾಲನ್ನೂ ಅದು ತಾನಾಗಿ ಮುರಿಯುವುದಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ಬರೆಯುವವರಿಗೇ ಬಿಟ್ಟಿದೆ. ಪ್ರೆಟಿಯರ್‌ಗಿಂತ ಇದು ನನಗೆ ಹೆಚ್ಚು ಹಿಡಿಸುವುದು ಈ ಕಾರಣಕ್ಕೆ. ಸಾಲು ಮುರಿಯುವುದು ಒಮ್ಮೊಮ್ಮೆ ಅರ್ಥದ ಕೆಲಸ, ಅದನ್ನು ಪೂರ್ತಿ ಅಗಲದ ಲೆಕ್ಕಕ್ಕೆ ಒಪ್ಪಿಸಬಾರದು.

ಒಂದು ನೋವಿನ ಸಂಗತಿಯನ್ನೂ ಬರೆಯಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರು ಅಂಕಿಗಳ ಒಂದು ದೊಡ್ಡ ಕೋಷ್ಟಕವನ್ನು ಕೈಯಿಂದ ಜೋಡಿಸಿದ್ದರು. ಬಿಡಿ, ಹತ್ತು, ನೂರು ಒಂದರ ಕೆಳಗೊಂದು ನೇರ ನಿಂತಿದ್ದವು. ತಪ್ಪಿದ ಅಂಕಿ ಎಲ್ಲಿದೆ ಎಂದು ದೂರದಿಂದಲೇ ಹೇಳಬಹುದಿತ್ತು. ಅದು ಪೈಥಾನ್ ಕೋಡು. ನಾನು ಹುಮ್ಮಸ್ಸಿನಲ್ಲಿ ಇಡೀ ಪ್ರಾಜೆಕ್ಟಿನ ಮೇಲೆ ಬ್ಲ್ಯಾಕ್ ಓಡಿಸಿದೆ. ಕೋಷ್ಟಕದ ಜಾಗಗಳೆಲ್ಲ ಕುಸಿದು ಅಂಕಿಗಳು ಗುಂಪಾಗಿ ಎಡಕ್ಕೆ ಬಿದ್ದವು. ಅವರು ಏನೂ ಅನ್ನಲಿಲ್ಲ, ಸ್ವಲ್ಪ ಹೊತ್ತು ತೆರೆಯನ್ನೇ ನೋಡುತ್ತ ಕೂತರು. ಆ ಕೋಷ್ಟಕದ ಮೇಲೊಂದು ಕೆಳಗೊಂದು ಟಿಪ್ಪಣಿ ಇಟ್ಟು ‘ಇಲ್ಲಿ ಮುಟ್ಟಬೇಡ’ ಎಂದು ಬ್ಲ್ಯಾಕ್‌ಗೆ ಹೇಳಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಾದರೂ ಅದು ನನ್ನದೇ ಅವಸರ.

ಇನ್ನೊಂದು ತಪ್ಪನ್ನೂ ಅವತ್ತೇ ಮಾಡಿದ್ದೆ. ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂದು ಗಿಟ್ ಎಂಬ ಸಾಧನ ನೆನಪಿಟ್ಟುಕೊಳ್ಳುತ್ತದೆ. ಎಲ್ಲ ಸಾಲಿನ ಜಾಗ ಬದಲಾದದ್ದರಿಂದ ಎಲ್ಲ ಸಾಲಿನ ಪಕ್ಕ ನನ್ನ ಹೆಸರು ಬಂತು. ಆರು ವರ್ಷ ಬೇರೆಯವರು ದುಡಿದ ಹೊಲದ ಪಹಣಿಯಲ್ಲಿ ಒಂದೇ ಬೆಳಗಿಗೆ ನನ್ನ ಹೆಸರು. ಇದಕ್ಕೂ ಪರಿಹಾರವಿದೆ. 2019ರ ಆಗಸ್ಟಿನಲ್ಲಿ ಬಂದ ಗಿಟ್ 2.23ನೇ ಆವೃತ್ತಿಯಿಂದ, ‘ಈ ಬದಲಾವಣೆ ಬರಿ ಓರಣದ್ದು, ಇದನ್ನು ಎಣಿಸಬೇಡ’ ಎಂದು ಒಂದು ಫೈಲಿನಲ್ಲಿ ಗುರುತು ಬರೆದಿಟ್ಟರೆ ಗಿಟ್ ಅದನ್ನು ದಾಟಿ ಹಿಂದಿನ ನಿಜವಾದ ಹೆಸರನ್ನು ತೋರಿಸುತ್ತದೆ. ಅಂದಿನಿಂದ ನಾನು ಓರಣದ ಕೆಲಸವನ್ನು ಬೇರೆ ಯಾವ ಕೆಲಸದ ಜೊತೆಗೂ ಬೆರೆಸುವುದಿಲ್ಲ. ಅದೊಂದೇ ಒಂದು ಕಮಿಟ್, ಎಂದರೆ ಗಿಟ್‌ನಲ್ಲಿ ಬೇರೆಯದೇ ಒಂದು ದಾಖಲೆ. ಅದರ ಗುರುತು ಆ ಫೈಲಿಗೆ.

ಇಷ್ಟೆಲ್ಲ ಮೆಚ್ಚಿದ ಮೇಲೆ ಗೋಫಮ್ಟ್ ನಮ್ಮ ಅಕ್ಷರದ ಮುಂದೆ ಎಡವುವ ಜಾಗವನ್ನು ಮುಚ್ಚಿಡಲಾರೆ. ಅದನ್ನು ಕಂಡದ್ದು ಊರ ಹೆಸರುಗಳ ಪಟ್ಟಿಯಲ್ಲಿ. ಎಡಕ್ಕೆ ಊರಿನ ಹೆಸರು, ಬಲಕ್ಕೆ ಅದರ ಉಚ್ಚಾರದ ಸಂಕೇತ. ಉಚ್ಚಾರದಿಂದ ಹುಡುಕುವ ಈ ಯೋಚನೆ ನಮಗೆ ಬಂದದ್ದು ‘ಅಲರ್’ ನಿಘಂಟಿನಿಂದ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದ, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥಗಳು. 2019ರಲ್ಲಿ ಕೈಲಾಶ್ ನಾಧ್ ಅದನ್ನು ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಅಂತರ್ಜಾಲಕ್ಕೆ ತಂದರು. ನಿಘಂಟನ್ನು ನಡೆಸುವ ತಂತ್ರಾಂಶವೂ ಗೋ ಭಾಷೆಯದು. ಕನ್ನಡ ಪದವನ್ನು ಉಚ್ಚಾರದ ಸಂಕೇತವಾಗಿಸುವ ‘ಕೆಎನ್‌ಫೋನ್’ ಎಂಬ ಸಣ್ಣ ಪ್ರೋಗ್ರಾಮನ್ನೂ ಅವರು ಗೋದಲ್ಲೇ ಬರೆದರು; ಕಾಗುಣಿತ ತುಸು ಜಾರಿದರೂ ಹತ್ತಿರದ ಪದ ಸಿಗಬೇಕೆಂಬುದು ಅದರ ಗುರಿ. ಗೋ ಕೋಡಿನ ನಡುವೆ ಕನ್ನಡದ ಅಕ್ಷರಗಳು ಸಾಲಾಗಿ ನಿಂತಿದ್ದನ್ನು ಮೊದಲ ಸಲ ನೋಡಿದಾಗ ನನಗೆ ಹಬ್ಬದ ಹಾಗಿತ್ತು.

ಆದರೆ ಇಂಥ ಪಟ್ಟಿಯಲ್ಲಿ ಬಲಗಡೆಯವನ್ನು ಒಂದೇ ನೇರಕ್ಕೆ ತರಲು ಗೋಫಮ್ಟ್ ಎಡಗಡೆಯ ಹೆಸರಿನ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಎಲ್ಲ ಯೂನಿಕೋಡ್ ಸಂಕೇತಗಳ ಅಗಲವೂ ಒಂದೇ ಎಂದು ಹಿಡಿದು ನಡೆಯುತ್ತದೆ. ಕನ್ನಡದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗದಗ ಎಂಬಲ್ಲಿ ಮೂರು ಅಕ್ಷರ, ಮೂರೇ ಸಂಕೇತ. ಹುಬ್ಬಳ್ಳಿ ಎಂಬಲ್ಲೂ ನಮ್ಮ ಬಾಯಿಗೆ, ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಹ, ಉಕಾರ, ಬ, ಒತ್ತಿನ ಗುರುತು, ಬ, ಳ, ಮತ್ತೆ ಒತ್ತಿನ ಗುರುತು, ಳ, ಇಕಾರ, ಒಟ್ಟು ಒಂಬತ್ತು. ಲಕ್ಷ್ಮೇಶ್ವರ ನಾಲ್ಕಕ್ಷರವಾಗಿದ್ದು ಹನ್ನೊಂದಾಗುತ್ತದೆ, ಯಲವಿಗಿ ನಾಲ್ಕಿದ್ದದ್ದು ಆರು. ಹೀಗಾಗಿ ಹುಬ್ಬಳ್ಳಿಯ ಸಾಲಿಗೆ ಹೊಂದಿಸಲು ಗದಗಿನ ಮುಂದೆ ಆರು ಜಾಗ ಹೆಚ್ಚು ಬಿಡುತ್ತದೆ. ತೆರೆಯ ಮೇಲೆ ಎರಡೂ ಹೆಸರು ಹೆಚ್ಚುಕಮ್ಮಿ ಒಂದೇ ಅಗಲ, ಬಲಗಡೆಯ ಉಚ್ಚಾರದ ಸಂಕೇತಗಳು ಮಾತ್ರ ಒಂದು ಇಲ್ಲಿ, ಒಂದು ಅಲ್ಲಿ. ನೇರ ಮಾಡಲು ಹೋಗಿಯೇ ಸೊಟ್ಟಗಾಗಿರುತ್ತದೆ. ಒತ್ತಕ್ಷರ ಹೆಚ್ಚಿದಷ್ಟೂ ಸೊಟ್ಟ ಹೆಚ್ಚು.

ಕೈಯಿಂದ ಸರಿ ಮಾಡಿದರೆ ಮುಂದಿನ ಸಲ ಓಡಿದಾಗ ಅದು ಮತ್ತೆ ತನ್ನ ಲೆಕ್ಕಕ್ಕೇ ತರುತ್ತದೆ. ನಾನು ಬಿಟ್ಟುಬಿಟ್ಟೆ. ಅರ್ಥ ಕೆಟ್ಟಿಲ್ಲ, ನಾಲ್ಕೂ ಜನರಿಗೆ ಒಂದೇ ಸೊಟ್ಟ. ಆದರೆ ಕಣ್ಣಿಗೆ ಒಪ್ಪುವುದಿಲ್ಲ, ಇವತ್ತಿಗೂ. ಒಂದು ಅಕ್ಷರ ಎಂದರೆ ಏನು ಎಂಬುದಕ್ಕೆ ನಮ್ಮ ನಾಲಿಗೆಗೆ ತನ್ನದೇ ಲೆಕ್ಕವಿದೆ. ಓರಣದ ಸಾಧನಗಳು ಅದನ್ನು ಕೇಳಿಸಿಕೊಳ್ಳಬೇಕು. ಕನ್ನಡದಲ್ಲಿ ಕೋಡು ಬರೆಯುವವರು ಹೆಚ್ಚಾದರೆ ಕೇಳಿಸಿಕೊಳ್ಳುತ್ತವೆ ಎಂದು ನಾನು ನಂಬಿದ್ದೇನೆ.

ಅವತ್ತು ಬಿಸಿಲೇರುವ ಹೊತ್ತಿಗೆ ಅಪ್ಪ ಮತ್ತೆ ಒಳಗೆ ಬಂದರು. ಎಡೆ ಹೊಡೆಯಲು ಹೊರಟಿದ್ದರು, ತಲೆಗೆ ಟವೆಲು ಸುತ್ತಿಕೊಳ್ಳುತ್ತ ತೆರೆಯ ಕಡೆ ಬಗ್ಗಿ ನೋಡಿದರು. ಊರುಗಳ ಪಟ್ಟಿ ತೆರೆದೇ ಇತ್ತು. ನಾನು ಅದರ ಮಾತೇ ಎತ್ತಿರಲಿಲ್ಲ. ಹೊಲದ ಸಾಲು ನೋಡಿ ಪಳಗಿದ ಕಣ್ಣು ಸೀದಾ ಅಲ್ಲಿಗೇ ಹೋಯಿತು.

“ಈ ಗದಗ ಯಾಕವಾ ಹಿಂಗ ಜಾಗ ಬಿಟ್ಟು ನಿಂತೈತಿ?”

“ಅದು ಹುಬ್ಬಳ್ಳಿನ ಒಂಬತ್ತಕ್ಷರ ಅಂತ ಎಣಿಸ್ತೈತಪ್ಪಾ. ಗದಗ ಮೂರ. ಅದಕ್ಕ.”

ಅಪ್ಪ ಬೆರಳು ಮಡಿಚಿದರು. “ಹು, ಬ್ಬ, ಳ್ಳಿ. ಮೂರ ಆದ್ವಲ್ಲ.”

“ನಮಗ ಮೂರ.”

ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಬಿತ್ತುವಾಗ ಹಸಿ ಎರೆ ಮಣ್ಣು ತಾಳಿನ ಬಾಯಿಗೆ ಮೆತ್ತಿಕೊಂಡರೆ ಕಾಳು ಇಳಿಯುವುದಿಲ್ಲ. ಮೇಲೆ ಬಟ್ಟಲಿಗೆ ಕಾಳು ಬೀಳುತ್ತಲೇ ಇರುತ್ತದೆ, ಎತ್ತು ನಡೆಯುತ್ತಲೇ ಇರುತ್ತವೆ, ಆ ಸಾಲು ಬೋಳಾದದ್ದು ಗೊತ್ತಾಗುವುದು ವಾರ ಕಳೆದು ಮೊಳಕೆ ಎದ್ದ ಮೇಲೆ.

“ಒಂದ್ ತಾಳು ಕಟ್ಟೇತಿ ನೋಡು,” ಎಂದರು ಅಪ್ಪ. “ಕೂರಿಗಿ ಚಲೋನ ಐತಿ. ಎತ್ತಿ ಮಣ್ಣು ತಗದ್ರ ಆತು.”

ಕುಂಟೆ ಹೆಗಲಿಗೇರಿಸಿ ಹೊರಟರು. ನಾನು ಆ ಒಂದು ಕಮಿಟ್ ಮಾಡಿ, ಅದರ ಗುರುತನ್ನು ಫೈಲಿನಲ್ಲಿ ಬರೆದಿಟ್ಟು, ಗೋಫಮ್ಟ್‌ನ ಮೂಲ ಕೋಡನ್ನು ತೆರೆದೆ. ಅದೂ ಗೋದಲ್ಲೇ ಬರೆದದ್ದು, ಅದೇ ಅಂತರದ ಸಾಲುಗಳು. ಅಕ್ಷರ ಎಣಿಸುವ ಜಾಗವನ್ನು ಹುಡುಕುತ್ತ ಒಂದೊಂದೇ ಸಾಲು ಇಳಿಯತೊಡಗಿದೆ.